‘ಹರಡಿದೆ’ ಅಂದರೆ ಎಲ್ಲಿಗೆ?

ಕಾವೇರಿ ಸಂಕ್ರಮಣ ಕಳೆದ ಮಾರನೇ ವಾರ ಸೋಮವಾರಪೇಟೆಯಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಮಾತಾಡಿದ್ದೆ. ಬಂದವರಲ್ಲಿ ಕೆಲವರು ಅದನ್ನು ಬರೆದು ಕೊಡಿ ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಅಕ್ಕಂದಿರೇ, ಅಮ್ಮಂದಿರೇ, ಹಿಂದಿನ ಸಾಲಲ್ಲಿ ಬಾಗಿಲ ಹತ್ತಿರ ಕೂತಿರುವ ಅಣ್ಣಂದಿರೇ,

ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದಿನದು. ರಾತ್ರಿ ಊಟದ ಹೊತ್ತಿಗೆ ಒಬ್ಬ ಹುಡುಗ ಫೋನ್ ಮಾಡಿದ. ‘ಮೇಡಂ, ಅಮ್ಮಂಗೆ ಆಪರೇಷನ್ ಆಗಿ ರಿಪೋರ್ಟ್ ಬಂತು. ಹರಡಿಬಿಟ್ಟಿದೆಯಂತೆ. ಇನ್ನು ಕೀಮೋ ಗೀಮೋ ಅಂತ ಯಾಕೆ ನೋಯಿಸೋದು? ಮನೆಗೆ ಕರ್ಕೊಂಡು ಹೋಗ್ತಾ ಇದ್ದೀವಿ’ ಅಂದ. ‘ಎಲ್ಲಿಗೆ ಹರಡಿದೆ?’ ಅಂತ ಕೇಳಿದೆ. ಆ ಕಡೆಯಿಂದ ಸದ್ದಿಲ್ಲ. ಆ ಪ್ರಶ್ನೆಯನ್ನು ಅವನು ಕೇಳಿಯೇ ಇರಲಿಲ್ಲ. ಯಾರೋ ವಾರ್ಡಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿ ಹೋಗಿದ್ದರು.

ರಿಪೋರ್ಟಿನ ಫೋಟೋ ಕಳಿಸಲು ಹೇಳಿದೆ. ಕಂಕುಳಿನಿಂದ 14 ಗ್ರಂಥಿಗಳನ್ನು ತೆಗೆದಿದ್ದರು. ಅದರಲ್ಲಿ 2ರಲ್ಲಿ ಕ್ಯಾನ್ಸರ್ ಇತ್ತು. ಮೂಳೆ, ಶ್ವಾಸಕೋಶ, ಲಿವರ್ ಎಲ್ಲ ಚೆನ್ನಾಗಿದ್ದವು. ಇದು ಗುಣವಾಗಲಿ ಅಂತಲೇ ಚಿಕಿತ್ಸೆ ಕೊಡುವ ಹಂತ. ಆ ಅಮ್ಮ ಮರುದಿನ ಊರಿಗೆ ಹೋಗಲಿಲ್ಲ. ಕೀಮೋ ಮುಗಿಸಿದರು, ರೇಡಿಯೇಷನ್ ಮುಗಿಸಿದರು. ಈಗಲೂ ಕರಿಮೆಣಸು ಕೊಯ್ಯುವ ದಿನಗಳಲ್ಲಿ ಏಣಿ ಸರಿಯಾಗಿ ಇಟ್ಟಿಲ್ಲ ಅಂತ ಮಗನಿಗೆ ಬೈಯುತ್ತಿರುತ್ತಾರೆ.

ಆ ಮಗನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಭಾಷೆಯಲ್ಲಿ ‘ಹರಡಿದೆ’ ಅಂದರೆ ಮುಗಿಯಿತು ಅಂತಲೇ ಕೇಳಿಸುತ್ತದೆ. ಕಂಕುಳಿಗೆ ಹೋಗಿದ್ದರೂ ಅದೇ ಮಾತು, ಮಿದುಳಿಗೆ ಹೋಗಿದ್ದರೂ ಅದೇ ಮಾತು. ಇವೆರಡರ ನಡುವೆ ಎಷ್ಟು ಅಂತರ ಇದೆ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಅದು ಹೇಗೆ ಹರಡುತ್ತದೆ ಅಂತ ನೋಡೋಣ.

ಇಲ್ಲಿರುವವರಲ್ಲಿ ಅರ್ಧ ಜನ ಅರೇಬಿಕಾ ಬೆಳೆಗಾರರು. ನಿಮಗೆ ಬೋರರ್ ಹುಳ, ಅಂದರೆ ಬಿಳಿ ಕಾಂಡಕೊರಕ, ಚೆನ್ನಾಗಿ ಗೊತ್ತು. ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ. ಮರಿ ತೊಗಟೆಯ ಕೆಳಗೇ ಕೊರೆಯುತ್ತಾ ಇರುತ್ತದೆ. ಆಗ ಎಲೆ ಹಸಿರಾಗೇ ಇರುತ್ತದೆ, ಗಿಡ ಕಾಯಿ ಕೂಡ ಬಿಡುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆ ಎದ್ದಿದೆಯಾ ಅಂತ ಕೈಯಿಂದ ಸವರಿ ನೋಡಿದವರಿಗೆ ಮಾತ್ರ ಸಿಗುತ್ತದೆ. ಎಲೆ ಹಳದಿಯಾಗಿ ಗಿಡ ಸೊರಗುವ ಹೊತ್ತಿಗೆ ಹುಳ ಕಾಂಡದ ಒಳಗೆ ಸುರಂಗ ಮಾಡಿ ಆಗಿರುತ್ತದೆ.

ಸ್ತನದ ಕ್ಯಾನ್ಸರ್ ಹೆಚ್ಚಾಗಿ ಹಾಲಿನ ನಾಳದ ಒಳಗೆ ಹುಟ್ಟುತ್ತದೆ. ನಾಳದ ಗೋಡೆಯೊಳಗೇ ಇದ್ದಷ್ಟು ದಿನ ಅದು ಎಲ್ಲಿಗೂ ಹೋಗಲಾರದು. ಗೋಡೆ ಒಡೆದು ಹೊರಬಂದ ಮೇಲೆ ಅದಕ್ಕೆ ಎರಡು ದಾರಿ. ಒಂದು ಲಿಂಫ್ ನಾಳ, ಅಂದರೆ ಮೈಯೊಳಗಿನ ತಿಳಿನೀರು ಹರಿಯುವ ನಾಳ, ಅದು ಕಂಕುಳಿನ ಗ್ರಂಥಿಗೆ ಹೋಗುತ್ತದೆ. ಇನ್ನೊಂದು ರಕ್ತ, ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಬೆರಳಿಗೆ ಸಿಗುವ 1 ಸೆಂಟಿಮೀಟರ್ ಗಂಟಿನಲ್ಲಿ ಸುಮಾರು 100 ಕೋಟಿ ಜೀವಕೋಶ ಇರುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 30 ಸಲ ಇಮ್ಮಡಿಯಾದರೆ ಅಷ್ಟಾಗುತ್ತದೆ. ಅಂದರೆ ಕೈಗೆ ಸಿಕ್ಕ ಗಂಟು ನಿನ್ನೆ ಮೊನ್ನೆಯದಲ್ಲ. ಹೆಚ್ಚಿನವರಲ್ಲಿ ಅದಕ್ಕೆ ವರ್ಷಗಳ ವಯಸ್ಸಾಗಿರುತ್ತದೆ.

ಹೀಗೆ ಹೇಳಿದ ಕೂಡಲೇ ಮುಂದಿನ ಸಾಲಲ್ಲಿ ಒಬ್ಬರು, ‘ಹಾಗಾದ್ರೆ ಸಿಗೋ ಹೊತ್ತಿಗೆ ಹೇಗೂ ಹರಡಿ ಆಗಿರುತ್ತಲ್ಲ, ಆಮೇಲೆ ನೋಡಿ ಏನು ಪ್ರಯೋಜನ?’ ಅಂದರು. ಒಳ್ಳೆಯ ಪ್ರಶ್ನೆ. ಉತ್ತರ ಇದು: ಹೊರಡುವುದು ಬೇರೆ, ಊರು ಸೇರುವುದು ಬೇರೆ. ಅಮೆರಿಕದ ವಿಜ್ಞಾನಿ ಐಸಾಯಾ ಫಿಡ್ಲರ್ 1970ರಲ್ಲಿ ಇಲಿಗಳ ರಕ್ತಕ್ಕೆ ಕ್ಯಾನ್ಸರ್ ಜೀವಕೋಶಗಳನ್ನು ಬಿಟ್ಟು ಲೆಕ್ಕ ಇಟ್ಟ. 24 ಗಂಟೆ ಕಳೆಯುವಾಗ ಸಾವಿರಕ್ಕೆ ಒಂದೂ ಉಳಿದಿರಲಿಲ್ಲ. ಹೊಸ ಗಂಟು ಕಟ್ಟಿದ್ದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ರಕ್ತದ ಹರಿವಿನಲ್ಲಿ ಕೆಲವು ಒಡೆದು ಹೋಗುತ್ತವೆ, ಕೆಲವನ್ನು ನಮ್ಮ ಬಿಳಿ ರಕ್ತಕಣಗಳು ತಿಂದು ಹಾಕುತ್ತವೆ. ಆದರೆ ಗಂಟು ದೊಡ್ಡದಾದಷ್ಟೂ ಹೊರಡುವವರ ಸಂಖ್ಯೆ ಜಾಸ್ತಿ. ಹೊರಡುವವರು ಜಾಸ್ತಿಯಾದಷ್ಟೂ ಯಾವುದೋ ಒಂದು ಊರು ಸೇರುವ ಸಂಭವವೂ ಜಾಸ್ತಿ. ತಡ ಮಾಡಬೇಡಿ ಅಂತ ನಾವು ಹೇಳುವುದು ಈ ಲೆಕ್ಕದ ಮೇಲೆ.

ಇನ್ನು ಆ ಊರು ಯಾವುದು ಅನ್ನುವುದು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. ಲಂಡನ್ನಿನಲ್ಲಿ ಸ್ಟೀಫನ್ ಪೇಜೆಟ್ ಅಂತ ಒಬ್ಬ ಸರ್ಜನ್ ಇದ್ದ. ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಗುಡ್ಡೆ ಹಾಕಿಕೊಂಡು ಕೂತ. ರೋಗ ಸುಮ್ನೆ ರಕ್ತ ಹರಿದ ಕಡೆಗೆಲ್ಲ ಹೋಗುವುದಾದರೆ ಎಲ್ಲ ಅಂಗಗಳಲ್ಲೂ ಇರಬೇಕಿತ್ತು. ಆದರೆ ಲಿವರ್‌ನಲ್ಲಿ ಬೇಕಾದಷ್ಟು, ಗುಲ್ಮದಲ್ಲಿ, ಅಂದರೆ ಸ್ಪ್ಲೀನಿನಲ್ಲಿ, ಬಲು ಅಪರೂಪ. ಕೆಲವು ಮೂಳೆಗಳಲ್ಲಿ ತುಂಬಾ, ಕೆಲವಲ್ಲಿ ಏನೂ ಇಲ್ಲ. 1889ರಲ್ಲಿ ಅವನು ಬರೆದದ್ದರ ಸಾರ ಇಷ್ಟು: ಬೀಜ ಎಲ್ಲ ಕಡೆಗೂ ಹಾರುತ್ತದೆ, ಒಗ್ಗುವ ಮಣ್ಣಲ್ಲಿ ಮಾತ್ರ ಹುಟ್ಟುತ್ತದೆ.

ಈ ಮಾತನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾ? ಏಲಕ್ಕಿಯನ್ನು ಮಂಡ್ಯದ ಗದ್ದೆ ಬದುವಿನಲ್ಲಿ ನೆಟ್ಟು ನೋಡಿ. ಬೋರರ್ ಕೂಡ ಹಾಗೇ. ನೆರಳು ಒಳ್ಳೆದಿರುವ ತೋಟದಲ್ಲಿ ಕಡಿಮೆ, ಬಿಸಿಲು ಬೀಳುವ ಕಡೆ ಜಾಸ್ತಿ. ಹುಳ ಒಂದೇ, ಜಾಗ ಬೇರೆ.

ಸ್ತನ ಕ್ಯಾನ್ಸರ್‌ಗೆ ಒಗ್ಗುವ ಮಣ್ಣು ನಾಲ್ಕು. ಮೂಳೆ, ಶ್ವಾಸಕೋಶ, ಲಿವರ್, ಮಿದುಳು. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಮೂಳೆ. ಅದೂ ಬೆನ್ನುಮೂಳೆ, ಸೊಂಟ, ಪಕ್ಕೆಲುಬು. ಎದೆಯ ಭಾಗದ ರಕ್ತನಾಳಗಳಿಗೂ ಬೆನ್ನುಮೂಳೆಯ ಸುತ್ತ ಇರುವ ರಕ್ತನಾಳಗಳಿಗೂ ನೇರ ಸಂಪರ್ಕ ಇದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಆ ಮಣ್ಣೇ. ಮೂಳೆ ಕಲ್ಲಿನ ಹಾಗೆ ಸತ್ತ ವಸ್ತು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಹಳೆಯದನ್ನು ಕರಗಿಸುವ ಜೀವಕೋಶ, ಹೊಸದನ್ನು ಕಟ್ಟುವ ಜೀವಕೋಶ, ಎರಡೂ ಅಲ್ಲಿ ದಿನವಿಡೀ ಕೆಲಸ ಮಾಡುತ್ತಿರುತ್ತವೆ. ಕ್ಯಾನ್ಸರ್ ಹೋಗಿ ಕರಗಿಸುವವರನ್ನು ಎತ್ತಿಕಟ್ಟುತ್ತದೆ. ಮೂಳೆ ಕರಗಿದಾಗ ಅದರೊಳಗೆ ಕೂಡಿಟ್ಟಿದ್ದ ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ಅದು ಕ್ಯಾನ್ಸರ್‌ಗೆ ಗೊಬ್ಬರ. ಅದು ಇನ್ನೂ ಬೆಳೆಯುತ್ತದೆ, ಇನ್ನೂ ಮೂಳೆ ಕರಗಿಸುತ್ತದೆ. ಈ ಸುತ್ತನ್ನು ಕಡಿಯುವುದಕ್ಕೇ ಜೊಲೆಡ್ರಾನಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಕೊಡುತ್ತೇವೆ. ಅದು ಬೀಜಕ್ಕೆ ಹೊಡೆಯುವ ಔಷಧಿ ಅಲ್ಲ, ಮಣ್ಣನ್ನು ಸರಿ ಮಾಡುವ ಔಷಧಿ.

ಇನ್ನೊಂದು ಹರಡುವಿಕೆ ಕಣ್ಣಿಗೇ ಕಾಣುತ್ತದೆ. ಕೊಡಗಿನ ಕಿತ್ತಳೆ ಸಿಪ್ಪೆ ನೋಡಿದ್ದೀರಲ್ಲ, ಊದಿಕೊಂಡು ಚುಕ್ಕಿ ಚುಕ್ಕಿ ಗುಳಿ ಇರುವುದು. ಸ್ತನದ ಚರ್ಮ ಹಾಗೆ ಕಂಡರೆ ಚರ್ಮದ ಕೆಳಗಿನ ಲಿಂಫ್ ನಾಳಗಳಲ್ಲಿ ಕ್ಯಾನ್ಸರ್ ಕಟ್ಟಿಕೊಂಡಿರಬಹುದು. ನೀರು ಹರಿಯದೆ ಚರ್ಮ ಊದುತ್ತದೆ, ರೋಮದ ಬುಡ ಮಾತ್ರ ಒಳಗೇ ಹಿಡಿದಿರುತ್ತದೆ, ಅದಕ್ಕೇ ಗುಳಿ. ಜಗತ್ತಿನ ಡಾಕ್ಟರುಗಳೆಲ್ಲ ಇದನ್ನು ಕಿತ್ತಳೆ ಸಿಪ್ಪೆ ಅಂತಲೇ ಕರೆಯುತ್ತಾರೆ. ನಮಗೆ ಹೋಲಿಕೆ ಹುಡುಕುವ ಕಷ್ಟ ಇಲ್ಲ. ಬೇರೆ ಗುರುತುಗಳು: ನೋವಿಲ್ಲದ ಗಟ್ಟಿ ಗಂಟು, ಒಳಕ್ಕೆ ಎಳೆದ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ. ‘ನೋವಿಲ್ಲ, ಹಾಗಾಗಿ ಬರ್ಲಿಲ್ಲ’ ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಗಂಟು ನೋಯದೇ ಇದ್ದರೆ ನನಗೆ ಭಯ ಜಾಸ್ತಿ.

ಈಗ ಹಿಂದಿನ ಸಾಲಿನ ಅಣ್ಣಂದಿರ ಪ್ರಶ್ನೆ. ‘ಸೂಜಿ ಚುಚ್ಚಿ ಪರೀಕ್ಷೆ ಮಾಡಿದ್ರೆ, ಕತ್ತಿ ಮುಟ್ಟಿದ್ರೆ ಹರಡುತ್ತೆ ಅಂತಾರಲ್ಲ ಮೇಡಂ?’

ಇದು ಬರುತ್ತದೆ ಅಂತ ನನಗೆ ಗೊತ್ತಿತ್ತು. ಸೂಜಿ ಪರೀಕ್ಷೆಯಿಂದ ರೋಗ ದೂರದ ಅಂಗಗಳಿಗೆ ಹರಡಿ ಆಯುಸ್ಸು ಕಡಿಮೆಯಾಗುವುದಿಲ್ಲ. ನಂಬಿಕೆ ಹೇಗೆ ಹುಟ್ಟಿತು ಅಂದರೆ, ನಮ್ಮ ಜನ ಬರುವುದೇ ತಡವಾಗಿ. ಬಂದ ದಿನವೇ ಒಳಗೆ ಹರಡಿರುತ್ತದೆ. ಪರೀಕ್ಷೆ ಮಾಡಿದ ಎರಡು ತಿಂಗಳಿಗೆ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ತಪ್ಪು ಸೂಜಿಯ ತಲೆಗೆ. ರೇಡಿಯೋದಲ್ಲಿ ಹೇಳಿದ್ದಕ್ಕೇ ಮಳೆ ಬಂತು ಅಂದ ಹಾಗೆ.

ಆಪರೇಷನ್ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಗಂಟನ್ನು ಮುಟ್ಟಿ ಎಳೆದು ತೆಗೆಯುವಾಗ ಕೆಲವು ಜೀವಕೋಶ ರಕ್ತಕ್ಕೆ ಸೇರಬಹುದಾ ಅಂತ ಡಾಕ್ಟರುಗಳಿಗೂ ಅನುಮಾನ ಇದ್ದೇ ಇತ್ತು. ಮುಂಬೈಯ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಮತ್ತು ಜೊತೆಗಾರರು ಅದನ್ನು ಪರೀಕ್ಷಿಸಿಯೇ ಬಿಟ್ಟರು. ಭಾರತದ 11 ಆಸ್ಪತ್ರೆಗಳು, ಸುಮಾರು 1,600 ಹೆಂಗಸರು. ಅರ್ಧ ಜನರಿಗೆ ಮಾಮೂಲಿ ಆಪರೇಷನ್. ಇನ್ನರ್ಧ ಜನರಿಗೆ ಕತ್ತರಿಸುವ 7ರಿಂದ 10 ನಿಮಿಷ ಮೊದಲು ಗಂಟಿನ ಸುತ್ತ ಲಿಡೊಕೇನ್ ಚುಚ್ಚಿದರು. ಲಿಡೊಕೇನ್ ಅಂದರೆ ಹಲ್ಲು ಕೀಳುವಾಗ ಮರಗಟ್ಟಲು ಕೊಡುತ್ತಾರಲ್ಲ, ಅದೇ. 2023ರಲ್ಲಿ ಫಲಿತಾಂಶ ಬಂತು. 5 ವರ್ಷದ ನಂತರ ಬದುಕಿದ್ದವರು ಮಾಮೂಲಿ ಗುಂಪಿನಲ್ಲಿ ನೂರಕ್ಕೆ 86.4, ಲಿಡೊಕೇನ್ ಗುಂಪಿನಲ್ಲಿ 90.1. ಔಷಧಿಯ ಬೆಲೆ ಒಂದು ಊಟಕ್ಕಿಂತ ಜಾಸ್ತಿ ಇಲ್ಲ. ಇದನ್ನು ಕೇಳಿ ‘ನೋಡಿ, ಆಪರೇಷನ್ ಹರಡಿಸುತ್ತೆ ಅಂತ ಇವರೇ ಒಪ್ಪಿಕೊಂಡ್ರು’ ಅನ್ನಬೇಡಿ. ಆ ಔಷಧಿ ಇಲ್ಲದೆ ಆಪರೇಷನ್ ಮಾಡಿಸಿಕೊಂಡವರಲ್ಲೂ ನೂರಕ್ಕೆ 86 ಜನ ಇದ್ದರು. ಆಪರೇಷನ್ನೇ ಬೇಡ ಅಂದವರ ಕಥೆ ಹಾಗಿರುವುದಿಲ್ಲ.

ಇನ್ನು, ಸ್ತನ ಪೂರ್ತಿ ತೆಗೆಯಲೇಬೇಕಾ? ನೂರು ವರ್ಷದ ಹಿಂದೆ ಹಾಗೆ ನಂಬಿದ್ದರು. ಅಮೆರಿಕದ ವಿಲಿಯಂ ಹಾಲ್ಸ್ಟೆಡ್ ಎದೆಯ ಸ್ನಾಯುವನ್ನೂ ಸೇರಿಸಿ ತೆಗೆಯುತ್ತಿದ್ದ. ರೋಗ ಒಂದೊಂದೇ ಹೆಜ್ಜೆ ಸುತ್ತಲೂ ಹರಡುತ್ತದೆ, ಅಗಲವಾಗಿ ಕಡಿದರೆ ಮುಂದೆ ಹೋಗಲ್ಲ ಅನ್ನುವುದು ಅವನ ಲೆಕ್ಕ. ಆದರೆ ರಕ್ತದಲ್ಲಿ ಹೊರಟುಹೋಗಿದ್ದಕ್ಕೆ ಎದೆ ಎಷ್ಟು ಅಗಲ ಕಡಿದರೂ ಏನು ಬಂತು? ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೇಸಿ ಬೇರೆ ಬೇರೆಯಾಗಿ ಅಧ್ಯಯನ ಮಾಡಿದರು. ಗಂಟು ಮಾತ್ರ ತೆಗೆಸಿ ರೇಡಿಯೇಷನ್ ಮಾಡಿಸಿಕೊಂಡವರು, ಪೂರ್ತಿ ಸ್ತನ ತೆಗೆಸಿಕೊಂಡವರು, ಇಬ್ಬರೂ ಒಂದೇ ಸಮ ಬದುಕಿದರು. 20 ವರ್ಷದ ಈ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಗಂಟು ಸಣ್ಣದಿದ್ದರೆ ಸ್ತನ ಉಳಿಸಬಹುದು. ನಮ್ಮ ಕಡೆ ಇದನ್ನು ಕೇಳುವವರೇ ಕಡಿಮೆ, ‘ತೆಗೆದುಬಿಡಿ, ಚಿಂತೆ ಹೋಗ್ಲಿ’ ಅನ್ನುತ್ತಾರೆ. ಚಿಂತೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಸಂಖ್ಯೆಗಳಿಗೆ ಬರೋಣ. 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1,92,000 ಹೆಂಗಸರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ. ಸುಮಾರು 98,000 ಜನ ತೀರಿಕೊಳ್ಳುತ್ತಾರೆ. ದೇಶದ 11 ಪ್ರದೇಶಗಳ ಕ್ಯಾನ್ಸರ್ ನೋಂದಣಿಯಿಂದ ತೆಗೆದ ಲೆಕ್ಕ 2024ರಲ್ಲಿ ಬಂತು. ಪತ್ತೆಯಾದ 5 ವರ್ಷಕ್ಕೆ ಬದುಕಿರುವವರು ಒಟ್ಟಾರೆ ನೂರಕ್ಕೆ 66. ಸ್ತನದಲ್ಲೇ ಇದ್ದರೆ 81. ಕಂಕುಳಿಗೆ ಅಥವಾ ಅಕ್ಕಪಕ್ಕಕ್ಕೆ ಬಂದಿದ್ದರೆ 65. ದೂರದ ಅಂಗಗಳಿಗೆ ಹೋಗಿದ್ದರೆ 18. ಆ ಹುಡುಗನ ಫೋನ್ ಕರೆ ನೆನಪಿಸಿಕೊಳ್ಳಿ. ಅವನ ಅಮ್ಮ 65ರ ಸಾಲಲ್ಲಿದ್ದರು, ಮನೆಯವರು 18ರ ಸಾಲಲ್ಲಿ ಕೂರಿಸಿದ್ದರು. ಚಿಕಿತ್ಸೆ ಕೊಡದೇ ಹೋಗಿದ್ದರೆ ಅಲ್ಲಿಗೇ ತಲುಪಿಸುತ್ತಿದ್ದರು.

ಅಮೆರಿಕದಲ್ಲಿ ಸ್ತನದಲ್ಲೇ ಇದ್ದಾಗ ಪತ್ತೆಯಾದರೆ ಈ ಸಂಖ್ಯೆ 99ಕ್ಕೂ ಮೇಲೆ. ನಮ್ಮಲ್ಲಿ 81. ಇದು ನನ್ನನ್ನು ತುಂಬಾ ಕಾಡುತ್ತದೆ. ಬೇಗ ಬಂದವರನ್ನೂ ನಾವು ಕಳೆದುಕೊಳ್ಳುತ್ತಿದ್ದೇವೆ ಅಂತ ಅಲ್ವಾ ಇದರ ಅರ್ಥ? ನಮ್ಮಲ್ಲಿ ಬೇಗ ಅನ್ನುವುದೂ ಅಷ್ಟು ಬೇಗ ಅಲ್ಲ, ನಿಜ. ಜೊತೆಗೆ ಕೀಮೋ ಅರ್ಧಕ್ಕೆ ಬಿಡುವವರು, ರೇಡಿಯೇಷನ್‌ಗೆ ಹೋಗದವರು, ಮಾತ್ರೆ ನಿಲ್ಲಿಸಿದವರು ಎಲ್ಲ ಈ ಅಂತರದಲ್ಲಿ ಇದ್ದಾರೆ.

ಈ 5 ವರ್ಷದ ಲೆಕ್ಕದಲ್ಲಿ ಒಂದು ಮೋಸವೂ ಇದೆ. ಇಬ್ಬರು ಹೆಂಗಸರು ಸಂಜೆ 6ಕ್ಕೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರು ಅಂದುಕೊಳ್ಳಿ. ಒಬ್ಬರು ಹತ್ತಿದ್ದು ಬೆಂಗಳೂರಲ್ಲಿ, ಇನ್ನೊಬ್ಬರು ಹುಣಸೂರಲ್ಲಿ. ಒಬ್ಬರು 6 ಗಂಟೆ ಕೂತಿದ್ದರು, ಇನ್ನೊಬ್ಬರು 2 ಗಂಟೆ. ಬಸ್ಸು ಒಂದೇ, ಮುಟ್ಟಿದ ಹೊತ್ತೂ ಒಂದೇ. ಬೇಗ ಪತ್ತೆ ಮಾಡಿದರೆ ‘ಪತ್ತೆಯಾದ ಮೇಲೆ ಬದುಕಿದ ವರ್ಷ’ ತಾನಾಗಿಯೇ ಉದ್ದವಾಗುತ್ತದೆ, ಆಯುಸ್ಸು ಒಂದು ದಿನ ಹೆಚ್ಚದಿದ್ದರೂ. ಹಾಗಾಗಿ ತಪಾಸಣೆ ನಿಜಕ್ಕೂ ಕೆಲಸ ಮಾಡಿದೆಯಾ ಅಂತ ತಿಳಿಯಬೇಕಾದರೆ ಎಷ್ಟು ಜನ ಸತ್ತರು ಅಂತಲೇ ಎಣಿಸಬೇಕು.

ಹಾಗೆ ಎಣಿಸಿದ್ದು ಮುಂಬೈಯಲ್ಲಿ. 1998ರಲ್ಲಿ ಶುರು. ಕೊಳೆಗೇರಿಗಳಲ್ಲಿ ಇರುವ 1,51,538 ಹೆಂಗಸರು. ಅರ್ಧದಷ್ಟು ಜನರಿಗೆ ಎರಡು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ಇಲ್ಲ, ಮಷಿನ್ ಇಲ್ಲ. 20 ವರ್ಷಗಳ ಕಾಲ ಅವರನ್ನು ಹಿಂಬಾಲಿಸಿ ನೋಡಿದರು. 2021ರಲ್ಲಿ ಫಲಿತಾಂಶ. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆ. 50ರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಬರಿ ಕೈ ಇಷ್ಟು ಮಾಡಿತು. ಇಲ್ಲಿ ಕೂತಿರುವ ಆಶಾ ಅಕ್ಕಂದಿರು ಇದನ್ನು ಕೇಳಿ ಒಬ್ಬರನ್ನೊಬ್ಬರು ನೋಡಿಕೊಂಡರು. ಗೌರವಧನದ ವಿಷಯ ಅವರ ಮನಸ್ಸಿಗೆ ಬಂದಿರಬೇಕು. ನ್ಯಾಯವೇ.

‘ಎಲ್ಲಿಗೆ’ ಅಂತ ಕೇಳಿದ ಮೇಲೆ ಕೇಳಬೇಕಾದ ಎರಡನೇ ಪ್ರಶ್ನೆ ‘ಯಾವ ಜಾತಿ’. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಇದ್ದ ಹಾಗೆ ಇದರಲ್ಲೂ ಇವೆ. ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್‌-2 ಅಂತ ಮೂರು ಹೆಸರು ಇರುತ್ತದೆ. ಆ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ.

ಇಆರ್ ಪಾಸಿಟಿವ್ ಅಂದರೆ ಹೆಣ್ತನದ ಹಾರ್ಮೋನು, ಈಸ್ಟ್ರೋಜನ್, ಅದಕ್ಕೆ ಆಹಾರ. ಪಿಆರ್ ಕೂಡ ಇಂಥದ್ದೇ ಇನ್ನೊಂದು ಹಾರ್ಮೋನಿನದು. ಈಸ್ಟ್ರೋಜನ್ ನಂಟಿನ ಸುಳಿವು ಮೊದಲೇ ಹಿಡಿದವನು ಸ್ಕಾಟ್ಲೆಂಡಿನ ಸರ್ಜನ್ ಜಾರ್ಜ್ ಬೀಟ್ಸನ್. ಹಸುವಿನ ಅಂಡಾಶಯ ತೆಗೆದರೆ ಅದು ಹೆಚ್ಚು ಕಾಲ ಹಾಲು ಕೊಡುತ್ತದೆ ಅನ್ನುವ ರೈತರ ಅನುಭವ ಅವನಿಗೆ ಗೊತ್ತಿತ್ತು. ಹಾಗಾದರೆ ಅಂಡಾಶಯಕ್ಕೂ ಸ್ತನಕ್ಕೂ ಏನೋ ನಂಟಿದೆ ಅಂತ ಯೋಚಿಸಿ, ಹರಡಿದ ಕ್ಯಾನ್ಸರ್ ಇದ್ದ ಹೆಂಗಸರ ಅಂಡಾಶಯ ತೆಗೆದು, ಗಂಟು ಕರಗಿದ್ದನ್ನು 1896ರಲ್ಲಿ ಬರೆದ. ಇವತ್ತು ಆ ಕೆಲಸವನ್ನು ಟಾಮೊಕ್ಸಿಫೆನ್ ಅನ್ನುವ ಪುಟ್ಟ ಮಾತ್ರೆ ಬೇರೆ ರೀತಿಯಲ್ಲಿ ಮಾಡುತ್ತದೆ. ದಿನಕ್ಕೆ ಕೆಲವೇ ರೂಪಾಯಿ. 5 ವರ್ಷ ತಗೊಂಡರೆ, ಈ ಜಾತಿಯ ರೋಗದಿಂದ ಬರುವ ಸಾವು 15 ವರ್ಷಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಲಕ್ಷ ರೂಪಾಯಿಯ ಕೀಮೋವನ್ನು ಸಾಲ ಮಾಡಿ ಮುಗಿಸಿದವರು ಈ ಮಾತ್ರೆಯನ್ನು ಎರಡು ವರ್ಷಕ್ಕೆ ಬಿಟ್ಟಿದ್ದು ನಾನು ನೋಡಿದ್ದೇನೆ. ಯಾಕೆ ಬಿಟ್ರಿ ಅಂದರೆ, ‘ಮೈ ಬಿಸಿಯಾಗುತ್ತೆ. ಈಗ ಏನೂ ಇಲ್ವಲ್ಲ.’ ಬಿಸಿಯಾಗುವುದು ನಿಜ, ತಡೆಯಲಾಗದಿದ್ದರೆ ಬಂದು ಹೇಳಿ, ಬೇರೆ ಮಾತ್ರೆ ಇದೆ. ಸುಮ್ನೆ ನಿಲ್ಲಿಸಬೇಡಿ.

‘ಏನೂ ಇಲ್ಲ’ ಅನ್ನುವ ಮಾತಿನ ಬಗ್ಗೆ. ಈ ಜಾತಿಗೆ ಒಂದು ಕೆಟ್ಟ ಗುಣ ಇದೆ, ಕಾಯುವುದು. ಕಾಫಿ ಮೊಗ್ಗು ಹೂಮಳೆ ಬರುವವರೆಗೆ ಕೊಂಬೆಯ ಮೇಲೆ ತೆಪ್ಪಗೆ ಕೂತಿರುತ್ತದೆ, ಮಳೆ ಬಿದ್ದ ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಹಾಗೇ ಮೂಳೆಯಲ್ಲಿ ಇಳಿದ ಜೀವಕೋಶ ಹತ್ತು ಹದಿನೈದು ವರ್ಷ ಮಲಗಿರಬಹುದು. 5 ವರ್ಷ ಮಾತ್ರೆ ಮುಗಿಸಿ ಚೆನ್ನಾಗಿದ್ದವರನ್ನು ಇಪ್ಪತ್ತನೇ ವರ್ಷದವರೆಗೆ ಹಿಂಬಾಲಿಸಿ ನೋಡಿದ ದೊಡ್ಡ ವಿಶ್ಲೇಷಣೆ 2017ರಲ್ಲಿ ಬಂತು. ಗಂಟು 2 ಸೆಂಟಿಮೀಟರ್ ಒಳಗಿದ್ದು ಕಂಕುಳಲ್ಲಿ ಏನೂ ಇಲ್ಲದವರಲ್ಲೂ ನೂರಕ್ಕೆ 13 ಜನರಿಗೆ ಆಮೇಲೆ ದೂರದ ಅಂಗದಲ್ಲಿ ಬಂದಿತ್ತು. ಹಾಗಂತ ಹೆದರಿ ಕೂರಬೇಡಿ, 87 ಜನರಿಗೆ ಬರಲಿಲ್ಲ. ಆದರೆ ಹಳೆಯ ಫೈಲನ್ನು ಎಸೆಯಬೇಡಿ.

ಆಪರೇಷನ್ ಆಗಿ 6 ವರ್ಷ ಆಗಿದ್ದ ಒಬ್ಬರಿಗೆ ಬೆನ್ನುನೋವು ಬಂತು. ಕೊಯ್ಲಿನ ದಿನ ಬೇರೆ. ಬಗ್ಗಿ ಬಗ್ಗಿ ಹಿಡಿದಿದೆ ಅಂತ ಎಣ್ಣೆ ತಿಕ್ಕಿಸಿಕೊಂಡರು. ಒಂದು ಕ್ಲಿನಿಕ್ಕಿನಲ್ಲಿ ಮೂರು ತಿಂಗಳು ನೋವಿನ ಮಾತ್ರೆ ಕೊಟ್ಟರು. ಹಳೆಯ ಆಪರೇಷನ್ ವಿಷಯ ಇವರು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಕಾಲು ಜೋಲಾಡತೊಡಗಿದ ಮೇಲೆ ನನ್ನ ಹತ್ತಿರ ಬಂದರು. ಬೆನ್ನುಮೂಳೆಯ ಗಂಟು ನರಹುರಿಯನ್ನು ಒತ್ತುತ್ತಿತ್ತು. ಇಂಥದ್ದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಅವತ್ತೇ ಮೈಸೂರಿಗೆ ಕಳಿಸಿದೆವು. ಕೋಲು ಹಿಡಿದು ನಡೆಯುವಷ್ಟಕ್ಕೆ ಬಂದರು. ನೆನಪಿಡಿ: ಮಲಗಿದಾಗ, ರಾತ್ರಿ ಜಾಸ್ತಿಯಾಗುವ ಬೆನ್ನುನೋವು, ಕಾರಣ ಇಲ್ಲದ ಉಬ್ಬಸ, ಕಣ್ಣು ಹಳದಿ, ವಾಂತಿ ಜೊತೆ ತಲೆನೋವು. ಮೊದಲು ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಇವು ಬಂದರೆ ಡಾಕ್ಟರ ಎದುರು ಕೂತ ಕೂಡಲೇ ಹಳೆಯ ಕಥೆ ಹೇಳಿ, ಅವರು ಕೇಳದಿದ್ದರೂ.

ಹರ್‌-2 ಪಾಸಿಟಿವ್ ಅಂದರೆ ಜೀವಕೋಶದ ಮೇಲೆ ಆ ಹೆಸರಿನ ಪ್ರೋಟೀನ್ ಜಾಸ್ತಿ ಇರುವುದು. ಇದು ಮೊದಲು ಕೆಟ್ಟ ಜಾತಿ ಅನಿಸಿಕೊಂಡಿತ್ತು. 1998ರಲ್ಲಿ ಟ್ರಾಸ್ಟುಜುಮಾಬ್ ಅನ್ನುವ ಔಷಧಿ ಬಂದ ಮೇಲೆ ಕಥೆ ಬದಲಾಯಿತು. ಬೆಲೆ ಮಾತ್ರ ಕೇಳುವ ಹಾಗಿರಲಿಲ್ಲ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಸಮಾನ ಔಷಧಿ ತಂದಿತು, ಆಮೇಲೆ ಬೇರೆಯವರೂ ತಂದರು, ಬೆಲೆ ಇಳಿಯಿತು. ಮೂರೂ ನೆಗೆಟಿವ್ ಆಗಿರುವುದು ಇನ್ನೊಂದು ಜಾತಿ. ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು, ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಹೆಚ್ಚು. ಇದು ಕಾಯುವುದಿಲ್ಲ. ಮತ್ತೆ ಬರುವುದಿದ್ದರೆ ಹೆಚ್ಚಾಗಿ ಮೊದಲ ಮೂರು ವರ್ಷದಲ್ಲೇ ಬರುತ್ತದೆ, ಶ್ವಾಸಕೋಶಕ್ಕೆ, ಮಿದುಳಿಗೆ. ಐದು ವರ್ಷ ದಾಟಿದರೆ ಆಮೇಲೆ ಬರುವುದು ಅಪರೂಪ.

ಈಗ ನಿಜವಾಗಿಯೂ ದೂರಕ್ಕೆ ಹರಡಿದವರ ಮಾತು. ಪೂರ್ತಿ ಗುಣ ಮಾಡುತ್ತೇವೆ ಅಂತ ಹೇಳಲಾರೆ. ಆದರೆ ‘ಮನೆಗೆ ಕರ್ಕೊಂಡು ಹೋಗಿ’ ಅಂತಲೂ ಹೇಳುವುದಿಲ್ಲ. ಇಆರ್ ಪಾಸಿಟಿವ್ ರೋಗ ಹರಡಿದವರಿಗೆ ರೈಬೊಸಿಕ್ಲಿಬ್ ಅನ್ನುವ ಮಾತ್ರೆಯನ್ನು ಹಾರ್ಮೋನ್ ಮಾತ್ರೆ ಜೊತೆ ಕೊಟ್ಟ ಅಧ್ಯಯನದಲ್ಲಿ ಅರ್ಧ ಜನ ಸುಮಾರು 64 ತಿಂಗಳು ದಾಟಿ ಬದುಕಿದರು. ಹಾರ್ಮೋನ್ ಮಾತ್ರೆ ಮಾತ್ರ ತಗೊಂಡವರಲ್ಲಿ ಅದು 51 ತಿಂಗಳು. 64 ತಿಂಗಳು ಅಂದರೆ ಐದು ಕೊಯ್ಲು, ಆಮೇಲೂ ಸ್ವಲ್ಪ. ಮಗಳ ಮದುವೆ, ಮೊಮ್ಮಗುವಿನ ಬಾಣಂತನ ಎಲ್ಲ ಅದರೊಳಗೆ ಬರುತ್ತದೆ. ಮೂಳೆಗೆ ಮಾತ್ರ ಹೋಗಿದ್ದವರು ಸಾಮಾನ್ಯವಾಗಿ ಲಿವರ್, ಮಿದುಳಿಗೆ ಹೋದವರಿಗಿಂತ ಹೆಚ್ಚು ದಿನ ಇರುತ್ತಾರೆ. ಮತ್ತೆ ಅದೇ ಪ್ರಶ್ನೆ: ಎಲ್ಲಿಗೆ, ಯಾವ ಜಾತಿ.

ನಮ್ಮ ಜಿಲ್ಲೆಯ ಕಷ್ಟ ಬೇರೆ. ಮಡಿಕೇರಿಯಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ, ಸೂಜಿ ಪರೀಕ್ಷೆ, ಆಪರೇಷನ್ ದೂರದ ಮಾತಲ್ಲ. ರೇಡಿಯೇಷನ್‌ಗೆ ಮಾತ್ರ ನಮ್ಮವರು ಹೆಚ್ಚಾಗಿ ಮೈಸೂರು, ಮಂಗಳೂರು, ಇಲ್ಲ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್, ಬೆಂಗಳೂರು 260. ರೈಲಿಲ್ಲ. ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜು ಉಳಿಯುತ್ತದೆ, ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಕೂಲಿ ಯಾರು ಕೊಡುತ್ತಾರೆ? ಜೊತೆಗೆ ಬರುವವರ ಊಟ? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಬೇಕಿದ್ದವರು ಕೀಮೋ ದಿನ ತಪ್ಪಿಸಿಕೊಂಡು ಕೂತಿದ್ದರು. ಒಂದು ಸಮಾಧಾನದ ವಿಷಯ: ಮೊದಲು 25 ದಿನ ಕೊಡುತ್ತಿದ್ದ ರೇಡಿಯೇಷನ್ ಈಗ ಹೆಚ್ಚಿನವರಿಗೆ 15 ದಿನದಲ್ಲಿ ಮುಗಿಯುತ್ತದೆ, ಫಲ ಅಷ್ಟೇ. ನಿಮ್ಮ ಡಾಕ್ಟರನ್ನು ಕೇಳಿ. ಹತ್ತು ದಿನದ ಕೂಲಿ ಉಳಿದರೆ ಸಣ್ಣ ಮಾತಲ್ಲ.

ಕೊನೆಗೆ ಪ್ರಶ್ನೆಗಳು. ಹಂದಿ ಮಾಂಸ ತಿಂದರೆ ಹರಡುತ್ತಾ? ಇಲ್ಲ, ಕೀಮೋ ದಿನಗಳಲ್ಲಿ ಚೆನ್ನಾಗಿ ಬೇಯಿಸಿ ತಿನ್ನಿ. ಸಕ್ಕರೆ? ಅದೂ ಇಲ್ಲ. ಮನೆಯಲ್ಲೇ ಮಾಡಿದ ವೈನ್? ಇಲ್ಲಿ ಮಾತ್ರ ನಗಬೇಡಿ. ಮದ್ಯ ಸ್ತನ ಕ್ಯಾನ್ಸರ್ ಬರುವ ಸಂಭವ ಹೆಚ್ಚಿಸುತ್ತದೆ, ದ್ರಾಕ್ಷಿಯದ್ದಾದರೂ, ಅಜ್ಜಿ ಮಾಡಿದ್ದಾದರೂ. ಗಂಡಸರಿಗೆ ಬರುತ್ತಾ? ಬರುತ್ತದೆ, ನೂರು ರೋಗಿಗಳಲ್ಲಿ ಒಬ್ಬರೋ ಅದಕ್ಕೂ ಕಡಿಮೆಯೋ. ಹಿಂದಿನ ಸಾಲು ಸ್ವಲ್ಪ ನೆಟ್ಟಗೆ ಕೂತಿತು.

ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು ಕೇಳಿದರು. ‘ಮೇಡಂ, ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಗಂಟಿದೆ ಅಂತ ತೋರಿಸ್ತಾರೆ. ಆಸ್ಪತ್ರೆಗೆ ಹೋಗಿ ಅಂದ್ರೆ, ಕೊಯ್ಲು ಮುಗೀಲಿ ಅಂತಾರೆ. ನಾನೇನು ಹೇಳ್ಲಿ?’

ಅರೇಬಿಕಾ ಕೊಯ್ಲು ಮೂರು ತಿಂಗಳು. ಗಂಟು ಗೊತ್ತಾದ ಮೇಲೆ ಮೂರು ತಿಂಗಳಿಗಿಂತ ತಡ ಮಾಡಿದವರನ್ನೂ ಬೇಗ ಬಂದವರನ್ನೂ ಹೋಲಿಸಿದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 1999ರಲ್ಲಿ ಲೆಕ್ಕ ಮಾಡಿದ್ದರು. ತಡ ಮಾಡಿದವರಲ್ಲಿ 5 ವರ್ಷ ಬದುಕಿದವರು ನೂರಕ್ಕೆ 12 ಕಡಿಮೆ. ಇದನ್ನು ಹೇಳಿದೆ. ಆದರೆ ಕೂಲಿ ಬಿಟ್ಟರೆ ಒಲೆ ಹತ್ತದ ಮನೆಯಲ್ಲಿ ಇದನ್ನು ಹೇಳಿ ಏನು ಪ್ರಯೋಜನ ಅಂತ ಆಕೆಯ ಮುಖವೇ ಕೇಳುತ್ತಿತ್ತು.

‘ಮೂರು ತಿಂಗಳು ಕೇಳಬೇಡಿ, ಒಂದು ದಿನ ಕೇಳಿ’ ಅಂದೆ. ಸೂಜಿ ಪರೀಕ್ಷೆಗೆ ಬೇಕಾಗಿರುವುದು ಅರ್ಧ ದಿನ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಅಲ್ಲ ಅಂತ ಗೊತ್ತಾದರೆ ನೆಮ್ಮದಿಯಾಗಿ ಕೊಯ್ಯಲಿ. ಹೌದು ಅಂತಾದರೆ ನಾನು, ನೀವು, ತೋಟದ ಯಜಮಾನರು ಕೂತು ಮಾತಾಡೋಣ.

‘ಸಂತೆ ದಿನ ಆದ್ರೆ ಬರ್ತಾರೆ’ ಅಂದರು ಆಕೆ. ‘ಅವತ್ತು ಕೆಲಸಕ್ಕೆ ರಜೆ. ನಮ್ಮ ಸಂತೆ ಸೋಮವಾರ, ಆಸ್ಪತ್ರೆನೂ ತೆರೆದಿರುತ್ತೆ. ಆದ್ರೆ ಕೂಲಿ ಬಟವಾಡೆ ಆಗಿ, ಸಾಮಾನು ತಗೊಂಡು ಮುಗಿಯೋ ಹೊತ್ತಿಗೆ ಎರಡು ಗಂಟೆ ದಾಟಿರುತ್ತೆ. ಅಷ್ಟೊತ್ತಿಗೆ ಚೀಟಿ ಕೊಡೋದು ನಿಲ್ಲಿಸಿರ್ತಾರೆ.’

ಸಭೆ ಏರ್ಪಡಿಸಿದವರಲ್ಲಿ ಮೂವರು ತೋಟದ ಯಜಮಾನರಿದ್ದರು. ನಾನು ಅವರ ಕಡೆ ನೋಡಿದೆ. ಒಬ್ಬರು, ‘ಬಟವಾಡೆ ಭಾನುವಾರ ಸಂಜೆನೇ ಮಾಡಬಹುದು, ಅದೇನು ದೊಡ್ಡ ವಿಷಯ ಅಲ್ಲ’ ಅಂದರು. ಇನ್ನಿಬ್ಬರು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ಹೇಳುತ್ತೇವೆ ಅಂದರು. ಆಶಾ ಅಕ್ಕ ಆ ಮೂರೂ ತೋಟದ ಹೆಸರನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.